ಆಯುಧಪೂಜೆ ಮಾಡಿಸಿಕೊಂಡ ಕಂಪ್ಯೂಟರ್

ನಮ್ಮತ್ತೆ ಪೂಜೆಗೆ ಕೂತರೆ ಅರೆಬರೆ ಮಾಡುವವರಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಸ್ಕೂಟರಿಗೆ ಒಂದು ಮಾರು ಹೂವು ಬಿದ್ದರೆ ಕಂಪ್ಯೂಟರಿಗೆ ಎರಡು ಮಾರು ಬಿತ್ತು. ಮಾನಿಟರಿನ ಹಣೆಗೆ ವಿಭೂತಿ, ಕೀಬೋರ್ಡಿಗೆ ಕುಂಕುಮ, ಸಿಪಿಯು ಡಬ್ಬದ ಎರಡೂ ಪಕ್ಕಕ್ಕೆ ಬಾಳೆಕಂದು. ಸಾಕು ಬಿಡಿ ಅತ್ತೆ ಎಂದೆ. "ಸುಮ್ಕಿರವ್ವ, ಈ ವರ್ಸ ನಮ್ಮನೇಲಿ ನಿಜವಾಗ್ಲೂ ಗೇದಿರೋದು ಇದೊಂದೇಯ" ಎಂದವರೇ ತೆಂಗಿನಕಾಯಿ ಒಡೆದು, ನೀರನ್ನು ನೆಲಕ್ಕೆ ಬಿಡದೆ ಡಬ್ಬದ ನೆತ್ತಿಯ ಮೇಲೆಯೇ ಹೊಯ್ದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನನ್ನ ನಾದಿನಿ ಎಂ.ಫಿಲ್.ಗೆ ದೊಡ್ಡಗದ್ದವಳ್ಳಿ ದೇವಸ್ಥಾನದ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಚನ್ನರಾಯಪಟ್ಟಣದ ನಮ್ಮ ಮನೆಯ ನಡುಕೋಣೆಯಲ್ಲಿ ಕೂತು, ತೊಂಬತ್ತರ ದಶಕದ ಆ ಹಳೇ ಕಂಪ್ಯೂಟರಿನಲ್ಲಿ, ಅವಳು ಓದಿ ಹೇಳುವುದು, ನಾನು ಟೈಪ್ ಮಾಡುವುದು. ಇಡೀ ಪ್ರಬಂಧ ಅದರೊಳಗೇ ಇತ್ತು. ಫ್ಲಾಪಿಗೆ ಹಾಕಿಟ್ಟಿದ್ದ ಪ್ರತಿ ಹಿಂದಿನ ವಾರವೇ ಕೈಕೊಟ್ಟಿತ್ತು. ವಿಜಯದಶಮಿಯ ದಿನ ಪ್ರಿಂಟ್ ತೆಗೆದು, ಮಾರನೆಯ ದಿನ ಮೈಸೂರಿಗೆ ಒಯ್ದು ಕೊಡಬೇಕು. ಅದೇ ಕಡೆಯ ದಿನ.

ಕೊಡದಿದ್ದರೆ? ಕೊಬ್ಬರಿ ವ್ಯಾಪಾರದ ನಮ್ಮ ಮಾವ ಅದನ್ನು ಊಟಕ್ಕೆ ಕೂತಾಗಲೇ ಹೇಳಿಬಿಟ್ಟಿದ್ದರು. "ದಸರಾಕ್ಕೆ ಮುಗಿಸುದ್ರೆ ಅರಕಲಗೂಡಿನ ಕಾಲೇಜ್ಗೆ ಪಾಠ ಮಾಡೋಕ್ಕೆ ಓಗ್ಲಿ, ನಾನು ಬ್ಯಾಡ ಅನ್ನಕ್ಕಿಲ್ಲ. ಮುಗೀಲಿಲ್ವಾ, ದಂಡಿಗನಹಳ್ಳಿಯೋರ್ಗೆ ಹೂಂ ಅಂದ್ಬುಡ್ತೀನಿ. ಇನ್ನೊಂದು ವರ್ಸ ಅಂತ ಯಾರೂ ನನ್ ಮುಂದೆ ಬರ್ಬ್ಯಾಡಿ." ದಂಡಿಗನಹಳ್ಳಿಯ ಗಂಡು ಕೆಟ್ಟವನೇನಲ್ಲ. ಆದರೆ ಮದುವೆಯಾದ ಮೇಲೆ ಓದು, ಕೆಲಸ ಎರಡೂ ಬೇಡ ಎಂದು ಆ ಮನೆಯವರು ಮೊದಲೇ ಹೇಳಿ ಕಳಿಸಿದ್ದರು. ನಾದಿನಿ ಅವತ್ತು ಅನ್ನ ಕಲಸಿದ ಕೈಯಲ್ಲೇ ಎದ್ದುಹೋದಳು.

ಪೂಜೆಯಾದ ಮೇಲೆ ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಿದ್ದಾಯಿತು. ಅತ್ತೆಗೆ ಕಂಪ್ಯೂಟರೂ ಹಾಗೆಯೇ ಒಮ್ಮೆ ನಡೆಯಬೇಕು. "ಆನ್ ಮಾಡವ್ವ, ಪೂಜೆ ಪೂರ್ತಿ ಆಗ್ಬೇಕಲ್ಲ" ಎಂದರು. ನಾನು ಗುಂಡಿ ಒತ್ತಿದೆ. ಹಿಂದುಗಡೆಯಿಂದ ಪಡ್ ಎಂದು ಸದ್ದಾಯಿತು. ಊದುಬತ್ತಿಯ ವಾಸನೆಯ ನಡುವೆ ಸುಟ್ಟ ವಾಸನೆ ಎದ್ದಿತು. ಡಬ್ಬದ ಹಿಂದಿನ ಫ್ಯಾನಿನ ಕಿಂಡಿಯಿಂದ ಕಾಯಿನೀರು ತೊಟ್ಟಿಕ್ಕುತ್ತಿತ್ತು.

ನನ್ನ ನಾಲಿಗೆಗೆ ಮೊದಲಿಂದಲೂ ಲಗಾಮಿಲ್ಲ. "ಅಭಿಷೇಕ ಮಾಡೋಕೆ ಇದೇನು ಶಿವಲಿಂಗವಾ?" ಎಂದು ಕೂಗಿದೆ. ಅತ್ತೆ ಹಣ್ಣುಕಾಯಿ ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಕೂತರು. ಹೋಳಿಗೆ ಮಾಡಿದ ದಿನ, ಒಂದು ತುತ್ತೂ ಬಾಯಿಗೆ ಹಾಕಲಿಲ್ಲ. ಮಗಳ ಜೊತೆ ದೊಡ್ಡಗದ್ದವಳ್ಳಿಗೆ ಬುತ್ತಿ ಕಟ್ಟಿಕೊಂಡು ಓಡಾಡಿದ್ದವರು, ಕಲ್ಲಿನ ಮೇಲಿನ ಅಕ್ಷರ ಕಾಣಲೆಂದು ಸೆರಗಿನಲ್ಲಿ ಧೂಳು ಒರೆಸಿದ್ದವರು ಅವರೇ. ನನಗೂ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಹೊಳೆನರಸೀಪುರದ ಪರಿಚಯದ ರಿಪೇರಿಯವನಿಗೆ ಫೋನ್ ಮಾಡಿದೆವು. ಸುಟ್ಟಿರುವುದು ಎಸ್‌ಎಂಪಿಎಸ್ ಇರಬೇಕು, ಅಂದರೆ ಒಳಗೆ ಕರೆಂಟ್ ಹಂಚುವ ಡಬ್ಬಿ, ಅದನ್ನು ಬದಲಾಯಿಸಿದರೆ ಫೈಲಿಗೆ ಏನೂ ಆಗಿರಲಾರದು ಎಂದ. ಆದರೆ ಹಳೇ ನಮೂನೆಯದು ತನ್ನ ಹತ್ತಿರ ಇಲ್ಲವಂತೆ. ಹಾಸನದ ಒಂದು ಅಂಗಡಿಯಲ್ಲಿ ಸಿಗಬಹುದು, ತಾನು ಹಬ್ಬಕ್ಕೆ ಊರಿಗೆ ಹೊರಟಿದ್ದೇನೆ ಎಂದ. ನಾನು, ನಮ್ಮ ಯಜಮಾನರು ಹೂವಿನ ಹಾರ ಹಾಕಿದ ಸ್ಕೂಟರಿನಲ್ಲೇ ಹೊರಟೆವು.

ಹಾಸನದ ಅಂಗಡಿಯವನು ಅರ್ಧ ಬಾಗಿಲೆಳೆದು ಪೂಜೆ ಮುಗಿಸಿ ಕೂತಿದ್ದ. ಡಬ್ಬಿ ಕೊಟ್ಟ. ಬಂದು ಹಾಕಿಕೊಡಪ್ಪ ಎಂದು ಬೇಡಿದೆ. "ಇಲ್ಲ ಕಣಕ್ಕಾ, ಟೂಲ್ಸೆಲ್ಲ ಪೂಜೆಗಿಟ್ಟಿವ್ನಿ. ನಾಳೆ ಕದಲಿಸೋಗಂಟ ಮುಟ್ಟಂಗಿಲ್ಲ. ನಾಳಿಕ್ಕೆ ಅತ್ತೆ ಮನೇಗೆ ಓಯ್ತೀನಿ" ಎಂದ. ಆಮೇಲೆ ನನ್ನ ಮುಖ ನೋಡಿ ಕನಿಕರವಾಯಿತೇನೋ, ವೈರು ಹಿಡಿದು ತೋರಿಸಿದ. ಕಂಪ್ಯೂಟರಿನೊಳಗಿನ ಬೋರ್ಡಿಗೆ ಎರಡು ಪ್ಲಗ್ ಪಕ್ಕಪಕ್ಕ ಕೂರುತ್ತವೆ, ಎರಡರ ಕಪ್ಪು ವೈರುಗಳೂ ನಡುವೆ ಸೇರಬೇಕು. "ಕಪ್ಪು ಪಕ್ಕ ಕಪ್ಪು, ಮರೀಬ್ಯಾಡಿ. ಉಲ್ಟಾ ಆದ್ರೆ ಬೋರ್ಡೇ ಓಯ್ತದೆ." ಇನ್ನು ಮುಂದಿನ ಗುಂಡಿಗೆ ಹೋಗುವ ನಾಲ್ಕು ವೈರು. ಅವುಗಳಲ್ಲಿ ಹರಿಯುವುದು ಗೋಡೆಯ ಪೂರ್ತಿ ಕರೆಂಟು. "ಹಳೇದ್ರಲ್ಲಿ ಎಂಗೈತೋ ನೋಡ್ಕೊಂಡು ಒಂದೊಂದಾಗಿ ಬದಲಾಯಿಸಿ. ಅದಲುಬದಲಾದ್ರೆ ಗುಂಡಿ ಒತ್ತಿದೋರ ಕೈಲೇ ಸಿಡೀತದೆ."

ದಾರಿಯುದ್ದಕ್ಕೂ ಕಪ್ಪು ಪಕ್ಕ ಕಪ್ಪು ಎಂದು ಗೊಣಗುತ್ತ ಬಂದೆ.

ಮನೆಗೆ ಬಂದರೆ ಬಿಚ್ಚಲು ಸ್ಕ್ರೂಡ್ರೈವರ್ ಇಲ್ಲ. ಇದೆ, ದೇವರ ಮುಂದೆ ಇದೆ. ಕಟಿಂಗ್ ಪ್ಲೇಯರ್, ಸುತ್ತಿಗೆ, ಈಳಿಗೆಮಣೆ, ಕೊನೆಗೆ ಹೊಲಿಗೆ ಕತ್ತರಿಯೂ ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತಿವೆ. ಅವನ್ನು ಮುಟ್ಟುವ ಧೈರ್ಯ ಆ ಮನೆಯಲ್ಲಿ ಮಾವನಿಗೂ ಇರಲಿಲ್ಲ. ನಾನು ಚಮಚದ ಹಿಂದಿನ ತುದಿಯಲ್ಲಿ ಸ್ಕ್ರೂ ತಿರುಗಿಸಲು ಹೋಗಿ ಬೆರಳು ಕುಯ್ದುಕೊಂಡೆ. ಅಡುಗೆಮನೆಯಿಂದ ಅತ್ತೆ ಎದ್ದು ಬಂದು ನೋಡಿದರು. ದೇವರ ಮುಂದೆ ಹೋಗಿ ಕೈಮುಗಿದರು. ಸ್ಕ್ರೂಡ್ರೈವರನ್ನು ಒಂದಿಷ್ಟು ಅಲುಗಿಸಿ ಎತ್ತಿ ತಂದು ನನ್ನ ಕೈಯಲ್ಲಿಟ್ಟರು. "ಕದಲಿಸಿವ್ನಿ, ತಗೊಳವ್ವ." ಮಾವ "ಈಗ್ಲೇನೇ?" ಎಂದು ಬಾಯಿ ತೆರೆದರು. ಅತ್ತೆ ಅವರ ಕಡೆ ತಿರುಗಿ ಒಂದು ನೋಟ ನೋಡಿದರು ಅಷ್ಟೇ.

ಯಜಮಾನರ ಕೈಗೆ ಟಾರ್ಚ್ ಕೊಟ್ಟು ನಿಲ್ಲಿಸಿ, ಗೋಡೆಯ ಪ್ಲಗ್ಗು ಕಿತ್ತು, ಡಬ್ಬ ಬಿಚ್ಚಿದೆ. ಕಪ್ಪು ಪಕ್ಕ ಕಪ್ಪು ಕೂತಿತು. ಇನ್ನು ಗುಂಡಿಯ ವೈರು ಮಾತ್ರ. ನಾನು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ನಾದಿನಿ, ಆ ಅವಸರದ ಹುಡುಗಿ, ನಾಲ್ಕನ್ನೂ ಒಟ್ಟಿಗೆ ಕಿತ್ತುಬಿಟ್ಟಿದ್ದಳು!

"ಅಯ್ಯೋ ಪುಣ್ಯಾತ್‌ಗಿತ್ತಿ, ಒಂದೊಂದಾಗಿ ಅಂತ ಬಾಯಿ ಬಡ್ಕೊಂಡ್ನಲ್ಲೇ!" ಎಂದೆ. ನನಗೆ ಅಳುವೇ ಬಂತು.

"ನಂಗೆ ಜ್ಞಾಪಕ ಐತೆ ಅತ್ತಿಗೆ. ಕಂದು, ನೀಲಿ ಮ್ಯಾಲೆ. ಕಂದಿನ ಕೆಳಗೆ ಕಪ್ಪು, ನೀಲಿ ಕೆಳಗೆ ಬಿಳಿ."

"ನಾನು ಕಂದಿನ ಕೆಳಗೆ ಬಿಳಿ ನೋಡ್ದಂಗಿತ್ತು."

"ಇಲ್ಲ, ಕಪ್ಪು."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಂಗಡಿಯವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಓದು ಅವಳದು, ಅರಕಲಗೂಡು ಅವಳದು. ಅವಳು ಹೇಳಿದ ಹಾಗೆಯೇ ಸಿಕ್ಕಿಸಿದೆ. ಯಜಮಾನರು ಗೋಡೆಗೆ ಪ್ಲಗ್ ಚುಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ಒತ್ತುವವರು ಯಾರು? ನನ್ನ ಕೈ ಮುಂದೆ ಹೋಯಿತು, ಬೆರಳು ಹೋಗಲಿಲ್ಲ. ನಾಚಿಕೆಯೇನು, ಹೆದರಿದ್ದೆ. ನಾದಿನಿ ನಾನು ಒತ್ತುತ್ತೀನಿ ಎಂದು ಬಗ್ಗಿದಳು. ಅಷ್ಟರಲ್ಲಿ ಅತ್ತೆ ನಮ್ಮಿಬ್ಬರನ್ನೂ ಮೊಣಕೈಯಿಂದ ತಳ್ಳಿ ಮುಂದೆ ಬಂದರು.

"ಸರ್ಕೊಳ್ರವ್ವ ಅತ್ಲಾಗೆ. ಕೆಡಿಸ್ದೋಳು ನಾನು. ಹೊಡುದ್ರೆ ನಂಗೇ ಹೊಡೀಲಿ."

ಅಮ್ಮಾ ಎಂದು ನಾದಿನಿ ಕೂಗುವುದರೊಳಗೆ ಒತ್ತಿಬಿಟ್ಟರು.

ಏನೂ ಸಿಡಿಯಲಿಲ್ಲ. ಫ್ಯಾನು ಗುರ್ರ್ ಎಂದು ತಿರುಗಿತು. ಬೀಪ್ ಎಂದಿತು. ವಿಭೂತಿ ಹಚ್ಚಿದ ಮಾನಿಟರಿನಲ್ಲಿ ಬಿಳಿ ಅಕ್ಷರ ಮೂಡಿದವು. ನಾನು ಫೈಲು ತೆರೆದೆ. ದೊಡ್ಡಗದ್ದವಳ್ಳಿ ಮೊದಲ ಪುಟದಿಂದ ಕೊನೆಯವರೆಗೂ ಇತ್ತು. ನಾದಿನಿ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಬಾಗಿಲಲ್ಲಿ ನಿಂತಿದ್ದ ಮಾವ ಕೆಮ್ಮಿದರು. "ಮೈಸೂರಿಗೆ ಒಬ್ಳೇ ಓಗ್ಬ್ಯಾಡ, ನಾನೂ ಬತ್ತೀನಿ" ಎಂದು ಹೊರಗೆ ಹೋದರು.

ನಮ್ಮ ಸಂಭ್ರಮದಲ್ಲಿ ಅತ್ತೆಯನ್ನು ಮರೆತಿದ್ದೆವು. ತಿರುಗಿ ನೋಡಿದರೆ ಅವರು ಇನ್ನೂ ಬಗ್ಗಿಕೊಂಡೇ ಇದ್ದಾರೆ, ಬೆರಳು ಗುಂಡಿಯ ಮೇಲೆಯೇ ಒತ್ತಿ ಹಿಡಿದಿದ್ದಾರೆ.

"ಅತ್ತೆ, ಬಿಡಿ, ಆಯ್ತು" ಎಂದೆ.

"ಬ್ಯಾಡ ಕಣವ್ವ, ಬಿಟ್ರೆ ಆಫ್ ಆಗ್ಬುಟ್ಟಾತು. ನೀವು ಪ್ರಿಂಟ್ ತಗೊಳ್ಳಿ, ನಾನು ಹಿಡ್ಕೊಂಡಿರ್ತೀನಿ."