ಹೆಂಗಸರ ಕೈ ತಾಗದ ವ್ಯಾನು

ನಮ್ಮ ಬೀದಿಯಲ್ಲಿ ಆ ಗಾಡಿಗೆ ಮೇಷ್ಟ್ರ ವ್ಯಾನು ಎಂದೇ ಹೆಸರು. ಓಡಿಸುತ್ತಿದ್ದವಳು ಮೇಷ್ಟ್ರ ಹೆಂಡತಿ, ಟೇಲರಕ್ಕ. ಮದುವೆಯಾದಾಗಿನಿಂದ ಸ್ಟೀರಿಂಗ್ ಅವಳ ಕೈಯಲ್ಲಿ. ಪಕ್ಕದ ಸೀಟಿನಲ್ಲಿ ಕೂತು ಹಾಡು ಗುನುಗುವುದಷ್ಟೇ ಮೇಷ್ಟ್ರ ಕೆಲಸ. ಇಡೀ ಬೀದಿ ಇದನ್ನು ಕಣ್ಣಾರೆ ಕಂಡಿದೆ. ಆದರೂ ಎದುರು ಸಿಕ್ಕವರೆಲ್ಲ ಗಾಡಿಯನ್ನು ಮಗುವಿನಂತೆ ಇಟ್ಟುಕೊಂಡಿದ್ದೀರಿ ಎಂದು ಮೇಷ್ಟ್ರನ್ನೇ ಹೊಗಳುವುದು, ಮೇಷ್ಟ್ರು ನಗುವುದು. ಕಂಡದ್ದನ್ನು ಬಿಟ್ಟು ಅಂದದ್ದನ್ನು ನಂಬುವ ಜನ ನಾವು.

ಹಳೇ ಕಾಲದ ಆ ವ್ಯಾನಿನೊಳಗೆ ಒಂದು ಪುಟ್ಟ ಸಂಸಾರವೇ ಹಿಡಿಸುತ್ತಿತ್ತು. ಹಿಂದಿನ ಸೀಟು ಮಡಚಿದರೆ ಹಾಸಿಗೆ, ಪಕ್ಕಕ್ಕೊಂದು ಒಲೆ, ಅಂಗೈಯಗಲದ ಸಿಂಕು. ಸೀಟಿನ ಬಟ್ಟೆ, ಕಿಟಕಿಯ ಪರದೆ ಅವಳದೇ ಹೊಲಿಗೆ. ಅಂಗಡಿಯ ಬಾಗಿಲೆಳೆದು, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿ ಆಯಿಲ್ ಬದಲಿಸುತ್ತಿದ್ದವಳೂ ಅವಳೇ.

ಹೋದ ವರ್ಷ ಅವಳ ಕಣ್ಣು ಕೈಕೊಟ್ಟಿತು. ನೇರಕ್ಕಿದ್ದದ್ದು ಕಾಣುತ್ತದೆ, ಪಕ್ಕದಿಂದ ಬಂದದ್ದು ಕಾಣದು. ಇನ್ನು ಸ್ಟೀರಿಂಗ್ ಮುಟ್ಟಕೂಡದು ಎಂದರು ಡಾಕ್ಟರು. ಮೇಷ್ಟ್ರಿಗೋ ಸೈಕಲ್ಲೂ ಬಾರದು. ಈ ನಡುವೆ ವ್ಯಾನು ನಿಲ್ಲುತ್ತಿದ್ದ ಜಾಗದ ಮಾಲೀಕ, ತಿಂಗಳ ಕೊನೆಯೊಳಗೆ ಖಾಲಿ ಮಾಡದಿದ್ದರೆ ಗುಜರಿಯವನನ್ನು ಕರೆಸುತ್ತೇನೆ ಎಂದ. ಅವಳಿಗೆ ಇದ್ದ ಆಸೆ ಒಂದೇ: ಗಾಡಿ ತುಂಡಾಗದೆ, ಓಡಿಸುವವರ ಕೈ ಸೇರಲಿ.

ಮಾರಿಸಿಕೊಡಲು ಕರೆಸಿದ ಬ್ರೋಕರು ಬಂದವನೇ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ. ಓಡಿಸಿದ್ದು ಮೇಷ್ಟ್ರೇ ಅಂತಿರಲಿ, ಹೆಂಗಸಿನ ಹೆಸರೆತ್ತಿದರೆ ಗಿರಾಕಿ ಹಿಂದೆ ಸರಿಯುತ್ತಾನೆ ಎಂದ. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಗುಜರಿಗಿಂತ ಸುಳ್ಳೇ ವಾಸಿ ಎಂದು ಅವಳು ನುಂಗಿಕೊಂಡಳು.

ಗಿರಾಕಿ ಬಂದ ದಿನ ನಾನು ಪ್ಯಾಂಟು ಚಿಕ್ಕದು ಮಾಡಿಸಲು ಹೋಗಿ ಅಲ್ಲೇ ನಿಂತಿದ್ದೆ. ಬಂದವನು ಕಾಂಟ್ರಾಕ್ಟರು. ಬಾಗಿಲು ಬಡಿದು ನೋಡಿದ, ಎಂಜಿನ್ ಹಾಕಿಸಿ ಸಪ್ಪಳ ಕೇಳಿ ತಲೆದೂಗಿದ. ಬ್ರೋಕರು ಎಂಜಿನ್ ಆರಿಸಿ ಇಳಿದು ಹುಮ್ಮಸ್ಸಿನಲ್ಲಿ ಅಂದ:

"ಸಿಂಗಲ್ ಹ್ಯಾಂಡ್ ಗಾಡಿ ಸಾರ್. ಹೆಂಗಸರ ಕೈ ತಾಗಿಲ್ಲ."

ಟೇಲರಕ್ಕ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಬೆರಳ ತುದಿ ಬೆಳ್ಳಗಾಗುವವರೆಗೂ ಬಿಡಲಿಲ್ಲ.

ಕಾಂಟ್ರಾಕ್ಟರಿಗೆ ಆ ಮಾತು ಹಿಡಿಸಿಬಿಟ್ಟಿತು. ಹಾಗಿದ್ದರೆ ಮೇಷ್ಟ್ರೇ ಒಂದು ರೌಂಡು ಹೊಡೆದು ತೋರಿಸಲಿ ಎಂದು ಪಕ್ಕದ ಸೀಟಿಗೆ ಹತ್ತಿ ಕೂತ. ನಾನೇ ಓಡಿಸುತ್ತೇನೆ ಎಂದು ಬ್ರೋಕರು ಓಡಿ ಬಂದರೂ ಕೇಳಲಿಲ್ಲ. ಓಡಿಸಿದ ಕೈಯೇ ಓಡಿಸಲಿ ಎಂದ.

ಮೇಷ್ಟ್ರು ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೊಗಳಿಕೆ ತಿಂದ ನಾಲಿಗೆ ನಿಜ ಹೇಳಲು ತೊದಲುತ್ತದೆ. ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ದಿನಾ ನೋಡಿ ನೋಡಿ ಗೊತ್ತಿದ್ದದ್ದು ಒಂದೇ ಹಿಡಿ, ಅದನ್ನೇ ಕೆಳಗಿಳಿಸಿದರು. ಅದು ಹ್ಯಾಂಡ್‌ಬ್ರೇಕು.

ಜಾಗ ಇಳಿಜಾರು, ಕೆಳಗೆ ದೊಡ್ಡ ರಸ್ತೆ. ಎಂಜಿನ್ನಿನ ಸದ್ದಿಲ್ಲದೆ ವ್ಯಾನು ಮೆಲ್ಲಗೆ ಜಾರತೊಡಗಿತು. ಕಾಂಟ್ರಾಕ್ಟರು ತಮಾಷೆಯೆಂದು ಮೊದಲು ನಕ್ಕ, ಆಮೇಲೆ ಡ್ಯಾಶ್‌ಬೋರ್ಡು ತಬ್ಬಿಕೊಂಡ. ಮೇಷ್ಟ್ರು ಕಾಲ ಬಳಿ ಬಗ್ಗಿ ಬ್ರೇಕು ಹುಡುಕುತ್ತಿದ್ದರು. ಕೆಳಗೆ ಬಸ್ಸೊಂದು ಬರುತ್ತಿತ್ತು. ಟೇಲರಕ್ಕ ಓಡಿದಳು, ಬಾಗಿಲು ಕಿತ್ತೆಳೆದು ಗಂಡನ ಮಡಿಲ ಮೇಲೇ ಬಿದ್ದು ಹಿಡಿ ಎಳೆದಳು. ವ್ಯಾನು ರಸ್ತೆಯ ಅಂಚಿಗೆ ಬಂದು ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತಾ ದಾಟಿಹೋಯಿತು.

"ಇಳೀರಿ," ಎಂದಳು ಗಂಡನಿಗೆ. ಆಮೇಲೆ ಕಾಂಟ್ರಾಕ್ಟರಿಗೆ: "ಇದನ್ನ ಓಡಿಸಿದ್ದು ನಾನು. ಇವರಿಗೆ ಬರಲ್ಲ. ನನಗೀಗ ಪಕ್ಕದಿಂದ ಬಂದದ್ದು ಕಾಣಲ್ಲ, ಅದಕ್ಕೇ ಮಾರ್ತಿದೀನಿ."

ಅವನು ಮುಖ ಒರೆಸಿಕೊಂಡ. ಇಳಿದು ಗಾಡಿಗೆ ಇನ್ನೊಂದು ಸುತ್ತು ಬಂದ. ಅದೇ ಗಾಡಿ, ಅದೇ ಎಂಜಿನ್ನು.

"ಹಂಗಾದ್ರೆ ರೇಟಲ್ಲಿ ಸ್ವಲ್ಪ ನೋಡ್ಬೇಕಾಗತ್ತಮ್ಮ. ಲೇಡೀಸ್ ಓಡಿಸಿದ್ದು ಅಂದ್ಮೇಲೆ..."

"ಈಗಷ್ಟೇ ಸಪ್ಪಳ ಕೇಳಿ ತಲೆದೂಗಿದ್ರಲ್ಲ ಸಾರ್. ಆವಾಗ ಎಂಜಿನ್ನಿಗೆ ಮೀಸೆ ಇತ್ತಾ?"

ಗುಜರಿಯವನು ನೆನಪಿರಲಿ ಅಕ್ಕಾ ಎಂದು ಬ್ರೋಕರು ಗೊಣಗಿದ. ನೆನಪಿದೆ, ಆದರೆ ಇವರಿಗೆ ಕೊಡಲ್ಲ ಎಂದಳು. ಕಾಂಟ್ರಾಕ್ಟರು ಹೋದ. ಬೀದಿಯ ನಾಲ್ಕು ಜನ ಸೇರಿ ವ್ಯಾನನ್ನು ಮೇಲಕ್ಕೆ ತಳ್ಳಿದೆವು. ತಳ್ಳುತ್ತಲೇ ಒಬ್ಬ, ಪಾಪ ಮೇಷ್ಟ್ರ ಮಾನ ಹೋಯಿತು ಅಂದ. ಯಾರ ಮಾನ ಎಷ್ಟು ವರ್ಷದಿಂದ ಹೋಗುತ್ತಿತ್ತು ಎಂದು ಅವನನ್ನು ಕೇಳಿದೆ. ಅವನು ಇನ್ನೂ ಜೋರಾಗಿ ತಳ್ಳತೊಡಗಿದ. ಮೇಷ್ಟ್ರು ಒಳ್ಳೆಯವರೇ. ಆದರೆ ಒಳ್ಳೆಯತನಕ್ಕೂ ಒಂದು ನಾಲಿಗೆ ಬೇಕು.

ಮರುದಿನ ಮತ್ತೆ ಪ್ಯಾಂಟಿಗೆಂದು ಹೋದಾಗ ಅವಳು ಮಿಷಿನ್ ತುಳಿಯುತ್ತಿದ್ದಳು. ಫೋನ್ ಬಂತು, ವ್ಯಾನು ಕೇಳಿಕೊಂಡು ಬೇರೊಬ್ಬ ಗಿರಾಕಿ. ಮೇಷ್ಟ್ರು ಎತ್ತಿಕೊಂಡು ಗೋಡೆಯ ಕಡೆ ತಿರುಗಿದರು. ದನಿ ತಗ್ಗಿಸಿದರು.

"ಇಲ್ಲ, ನಾನಲ್ಲ... ಓಡಿಸಿದ್ದು ನನ್ನ ಹೆಂಡತಿ."

ಅವಳು ಮಿಷಿನ್ ನಿಲ್ಲಿಸಿದಳು.

"ಸ್ವಲ್ಪ ಜೋರಾಗಿ ಹೇಳಿ," ಎಂದಳು. "ಬೀದಿಗೂ ಕೇಳಿಸಲಿ."