ಹೊಲಿಗೆ ಸುಮಿತ್ರಕ್ಕನ ಸ್ಟಾಂಪ್ ಪುಸ್ತಕ

ರವಿಕೆ ಹೊಲಿಸಲು ಬಂದವರನ್ನು ಸುಮಿತ್ರಕ್ಕ ಮೊದಲು ಕೇಳುತ್ತಿದ್ದದ್ದು ಅಳತೆಯನ್ನಲ್ಲ, “ನಿಮ್ಮನೆಗೆ ಕಾಗದ ಬತ್ತದ್ಯಾ?” ಎಂದು. ಬರುತ್ತದೆ ಎಂದರೆ ಅವಳ ಮುಖ ಅರಳುತ್ತಿತ್ತು. ಬರುವುದಿಲ್ಲ ಎಂದವರ ರವಿಕೆಯೂ ಹೇಳಿದ ದಿನಕ್ಕೇ ಸಿಗುತ್ತಿತ್ತೆನ್ನಿ, ಆದರೆ ಮಾತುಕತೆ ಅಷ್ಟಕ್ಕೇ ಮುಗಿಯುತ್ತಿತ್ತು.

ಶಿರಾಲಿ ಪೇಟೆಯಲ್ಲಿ ಅವಳ ಹೊಲಿಗೆ ಅಂಗಡಿಗೂ ನನ್ನ ಎಸ್‌ಟಿಡಿ ಬೂತಿಗೂ ನಡುವೆ ಇದ್ದದ್ದು ಒಂದೇ ಗೋಡೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಐವತ್ತರ ಹತ್ತಿರದ ಈ ಹೆಂಗಸಿಗೆ ಸ್ಟಾಂಪಿನ ಹುಚ್ಚು ಹಿಡಿಸಿದವಳು ಜುಲೇಖಾ ಖಾಲಾ ಎಂಬ ನವಾಯತ ಮುಸ್ಲಿಂ ಮುದುಕಿ. ದುಬೈಯಲ್ಲಿದ್ದ ಮಗನ ಕಾಗದ ಬಂದಿದ್ದ ಲಕೋಟೆಯಲ್ಲಿ ಗುಂಡಿಗಳನ್ನು ಹಾಕಿಕೊಂಡು ಬಂದಿದ್ದಳು. ಲಕೋಟೆಯ ಮೂಲೆಯ ಸ್ಟಾಂಪಿನಲ್ಲಿ ಒಂದು ಗಿಡುಗ ಕತ್ತು ತಿರುಗಿಸಿ ನೋಡುತ್ತಿತ್ತು. “ಇಷ್ಟ್ ಚೆಂದದ್ದನ್ನ ನೀವು ಒಲೆಗೆ ಹಾಕೂದಾ?” ಎಂದು ಅಕ್ಕ ಗದರಿದ್ದು ನನ್ನ ಬೂತಿಗೂ ಕೇಳಿಸಿತು.

ದುಡ್ಡು ಕೊಟ್ಟು ಒಂದು ಸ್ಟಾಂಪನ್ನೂ ಕೊಳ್ಳುವುದಿಲ್ಲ ಎಂಬುದು ಅವಳ ಹಟ. ಬೆಳಕೆ ಊರಿನ ಸೈನಿಕನ ಮನೆ, ಮುಂಬೈ ಹೋಟೆಲಿಗೆ ದುಡಿಯಲು ಹೋದವರ ಮನೆ, ತೆಂಗಿನಕಾಯಿ ವ್ಯಾಪಾರಿಯ ಅಂಗಡಿ ಎಲ್ಲ ಕಡೆಯಿಂದಲೂ ಲಕೋಟೆಗಳು ಬಂದವು. ಸ್ಟಾಂಪಿನ ಸುತ್ತ ಒಂದಿಷ್ಟು ಕಾಗದ ಬಿಟ್ಟು ಕತ್ತರಿಸಿ, ಬೋಗುಣಿಯ ತಣ್ಣೀರಿನಲ್ಲಿ ನೆನೆಹಾಕಿ, ತಾನಾಗಿ ಜಾರಿ ಬಂದದ್ದನ್ನು ಹಳೆ ಪೇಪರಿನ ಮೇಲೆ ಬೋರಲು ಒಣಗಿಸುತ್ತಿದ್ದಳು. ಮುದುರಿದ್ದಕ್ಕೆ ತಣ್ಣಗಿನ ಇಸ್ತ್ರಿಪೆಟ್ಟಿಗೆಯ ಭಾರ. ಅಂಗಿಯ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ರಟ್ಟಿನ ಮೇಲೆ ಸಾಲುಸಾಲಾಗಿ ಹೊಲಿದು ಸ್ಟಾಂಪಿಗೆಲ್ಲ ಜೇಬು ಮಾಡಿದಳು. ಗೋಂದಿನ ಗೊಡವೆಗೇ ಹೋಗಲಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದವಳು ಒಂದು ಎಡವಟ್ಟು ಮಾಡಿದಳು. ಸ್ಟಾಂಪಿನ ಅಂಚಿನ ಹಲ್ಲುಗಳು ಅವಳ ಕಣ್ಣಿಗೆ ನೂಲು ಬಿಟ್ಟ ಬಟ್ಟೆಯಂತೆ ಕಂಡವು. ಒಂದನ್ನೂ ಬಿಡದೆ ಕತ್ತರಿಯಿಂದ ನೇರ ಮಾಡಿಟ್ಟಳು. ಎಷ್ಟು ನೀಟಾಗಿದೆ ಎಂದು ಹೊಗಳಿದವನು ನಾನೇ.

ಹೊನ್ನಾವರದಲ್ಲಿ ಹವ್ಯಾಸಗಳ ಪ್ರದರ್ಶನ ಇದೆಯೆಂದು ತಿಳಿದು ಇಬ್ಬರೂ ಹೋದೆವು. ಊರವರ ಲಕೋಟೆಯಿಂದ ಕೂಡಿಸಿದ್ದನ್ನು ನಾಲ್ಕು ಜನರ ಮುಂದೆ ಇಡಬೇಕು ಎಂಬುದೊಂದೇ ಅವಳ ಆಸೆ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯರು ಪುಸ್ತಕ ತಿರುವಿ, “ಹಲ್ಲು ಕತ್ತರಿಸಿದ್ರೆ ಸ್ಟಾಂಪ್ ಹಾಳಾದ ಹಾಗೇ ತಂಗಿ. ಇದನ್ನ ಮೇಜಿಗೆ ಹಾಕೂಕೆ ಬರೂದಿಲ್ಲ” ಎಂದರು. ಅವರಿಗೂ ಬೇಸರವಾಗಿತ್ತು. ವಾಪಸು ಬಸ್ಸಿನಲ್ಲಿ ಅಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಂಕಿ ಊರು ದಾಟುವವರೆಗೂ ಅದರ ಜೇಬುಗಳ ಮೇಲೆ ಬೆರಳಾಡಿಸುತ್ತಿದ್ದಳು. ಆಮೇಲೆ, “ಆತು ತಮ್ಮ. ಅಳತೆ ತಪ್ಪಿದ್ರೆ ಬಿಚ್ಚಿ ಹೊಲೂದಿಲ್ವಾ? ಮತ್ತೆ ಶುರು ಮಾಡ್ವ” ಎಂದಳು.

ಆದರೆ ಅಷ್ಟರಲ್ಲಿ ಕಾಗದ ಬರೆಯುವವರೇ ಕಡಿಮೆಯಾಗಿದ್ದರು. ಗಲ್ಫಿನ ಮಕ್ಕಳೆಲ್ಲ ನನ್ನ ಬೂತಿಗೇ ಫೋನ್ ಮಾಡುತ್ತಿದ್ದರು. “ನಿನ್ನ ಫೋನು ನನ್ನ ಸ್ಟಾಂಪಿಗೆ ಶನಿ” ಎಂದು ಬಯ್ಯುತ್ತಲೇ ಅಕ್ಕ ನನ್ನ ಬೆಂಚಿಗೆ ಬಂದು ಕೂರತೊಡಗಿದಳು. ಕರೆಗಾಗಿ ಕಾದಿದ್ದ ತಾಯಂದಿರಿಗೆಲ್ಲ ಒಂದೇ ಪಾಠ: “ಫೋನ್ ಮಾಡ್ಲಿ, ಬೇಡ ಅಂದವ್ರು ಯಾರು? ಒಂದು ಕಾಗದನೂ ಬರೀಲಿ.” ಜುಲೇಖಾ ಖಾಲಾ ಅಂತೂ ರಿಸೀವರ್ ಹಿಡಿದುಕೊಂಡೇ ಮಗನಿಗೆ ತಮ್ಮ ಮನೆಮಾತಿನಲ್ಲಿ ಚೆನ್ನಾಗಿ ಜಾಡಿಸಿದಳು. ನಿಜ ಹೇಳುತ್ತೇನೆ, ಕಾಗದಗಳು ಬಂದವು.

ಮುಂದೆ ಕುಮಟೆಯ ಪ್ರದರ್ಶನಕ್ಕೆ ಹೊಸ ಪುಸ್ತಕ ಹೊತ್ತು ಹೋದೆವು. ಅಲ್ಲಿಯೂ ಅದೇ ಹಿರಿಯರು. ಹಲ್ಲೆಲ್ಲ ನೋಡಿ ತಲೆದೂಗಿದರು. ಆದರೆ ಪ್ರತಿ ಸ್ಟಾಂಪಿನ ಕೆಳಗೆ ಅಕ್ಕ ಬರೆದದ್ದು ದೇಶದ ಹೆಸರಲ್ಲ. ‘ಶಿರಾಲಿ, ಜುಲೇಖಾ ಖಾಲಾ’, ‘ಬೆಳಕೆ, ಮಿಲಿಟರಿ ಮಂಜುನ ತಾಯಿ’ ಎಂದು. “ದೇಶದ ಹೆಸರು ಬರೀಬೇಕಿತ್ತಲ್ಲ?” ಎಂದರು ಹಿರಿಯರು.

“ದೇಶದ ಹೆಸರು ಸ್ಟಾಂಪಲ್ಲೇ ಅದೆ. ಕೊಟ್ಟವ್ರ ಹೆಸರು ಎಲ್ಲಿ ಅದೆ?” ಎಂದಳು ಅಕ್ಕ.

ಹಿರಿಯರು ನಕ್ಕು, ಪುಸ್ತಕವನ್ನು ಬಾಗಿಲೆದುರಿನ ಮೇಜಿಗೇ ಹಾಕಿಸಿದರು. ಸಂಜೆಯವರೆಗೆ ಜನ ಅದರ ಸುತ್ತ ನಿಂತಿದ್ದರು. ಜುಲೇಖಾ ಖಾಲಾ ಮೊಮ್ಮಗಳನ್ನು ಕರೆದುಕೊಂಡು ಅಷ್ಟು ದೂರ ಬಂದು, ತನ್ನ ಹೆಸರನ್ನು ಓದಿಸಿ ಕೇಳಿದಳು. ನನಗಂತೂ ಎದೆಯುಬ್ಬಿ ಹೋಗಿತ್ತು. ಗುರುತಿಲ್ಲದವರನ್ನೂ ನಿಲ್ಲಿಸಿ, ನಮ್ಮ ಪಕ್ಕದ ಅಂಗಡಿಯವಳು ಎಂದು ಹೇಳಿಕೊಂಡೆ.

ಆ ಪುಸ್ತಕದಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ. ನನ್ನವರೆಲ್ಲ ಶಿರಾಲಿಯಲ್ಲೇ ಇರುವಾಗ ನನಗೆ ಕಾಗದ ಬರೆಯುವವರು ಯಾರು? ಕೆಲವು ವರ್ಷಗಳ ಮೇಲೆ ಅಕ್ಕನ ಆರೋಗ್ಯ ಕೆಟ್ಟು ಮಣಿಪಾಲದ ಆಸ್ಪತ್ರೆಗೆ ಒಯ್ದರು. ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ನನ್ನ ಹೆಸರಿಗೆ ಒಂದು ಲಕೋಟೆ ತಂದುಕೊಟ್ಟ. ಅಕ್ಕನ ಓರೆ ಅಕ್ಷರ. “ತಮ್ಮ, ಪುಸ್ತಕದಲ್ಲಿ ಎಲ್ಲರೂ ಇದ್ರು, ನೀನೊಬ್ಬ ಇಲ್ಲ. ಅದಕ್ಕೆ ನಾನೇ ಬರ್ದೆ. ಸ್ಟಾಂಪ್ ನೆನೆಸಿ ತೆಗೆ. ಕೆಳಗೆ ಹೆಸರು ಬರಿ.”

ಅಕ್ಕ ಮಣಿಪಾಲದಿಂದ ತಿರುಗಿ ಬರಲಿಲ್ಲ. ಸ್ಟಾಂಪನ್ನು ಅವಳು ಕಲಿಸಿದಂತೆಯೇ ತೆಗೆದು, ಒಣಗಿಸಿ, ಅಂಗಡಿಯಲ್ಲೇ ಉಳಿದಿದ್ದ ಪುಸ್ತಕದ ಖಾಲಿ ಜೇಬಿಗೆ ಸೇರಿಸಿದೆ. ಕೆಳಗೆ ಬರೆದೆ: ‘ಶಿರಾಲಿ, ಸುಮಿತ್ರಕ್ಕನ ತಮ್ಮ’.