ಮೊರಿತಾ ಸಾನ್ ಅವರ ಗಿಡಕ್ಕೆ ನಾನು ಹಾಕಿದ ಉಪ್ಪು

ಇವತ್ತು ಬೆಳಿಗ್ಗೆ ಕಿಟಕಿಯ ಬಳಿ ಇರುವ ಗಾಜಿನ ಜಾಡಿಯ ನೀರು ಬದಲಾಯಿಸುವಾಗ ಆ ವಾಸನೆ ಬಂತು. ಕೊಳೆತ ಮೊಟ್ಟೆಯೂ ಒದ್ದೆ ಸಾಕ್ಸೂ ಸೇರಿ ಸಂಸಾರ ಹೂಡಿದಂಥ ವಾಸನೆ. ಮೂಗು ಮುಚ್ಚಿಕೊಳ್ಳಬೇಡಿ. ಕೆಸರಿನಲ್ಲಿ ಬೆಳೆಯುವ ಗಿಡದ ಮನೆಯಿಂದ ಮಲ್ಲಿಗೆ ಪರಿಮಳ ಬರುತ್ತದೆಯೇ? ನನಗೆ ಈ ವಾಸನೆ ಬಂದರೆ ಮೊರಿತಾ ಸಾನ್ ನೆನಪಾಗುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಂಡಾರು, ಪಾಪ.

ಅವರು ಯೋಕೋಹಾಮಾದ ನಮ್ಮ ಆಫೀಸಿನಲ್ಲಿ ನನ್ನ ಮೇಲಧಿಕಾರಿಯಾಗಿದ್ದರು; 'ಸಾನ್' ಎಂದರೆ ಜಪಾನಿಯಲ್ಲಿ ನಮ್ಮ 'ಅವರು' ಇದ್ದಂತೆ. 'ಆಗಲ್ಲ' ಎಂದು ಅವರು ಎಂದೂ ಹೇಳಿದವರಲ್ಲ. ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದುಕೊಂಡು 'ಸಾ...' ಅನ್ನುತ್ತಿದ್ದರು. ಅಲ್ಲಿಗೆ ನಮ್ಮ ರಜೆ ಹೋಯಿತು ಎಂದು ನಾವೇ ತಿಳಿದುಕೊಳ್ಳಬೇಕು. ನಾನು ಜಪಾನಿ ಕಲಿತದ್ದೇ ಅವರನ್ನು ಅಣಕಿಸುತ್ತಾ. ಆಫೀಸಿನ ಪಕ್ಕದ ಕೊಂಬಿನಿ ಅಂಗಡಿಯ ಮುಂದೆ ಕಾಫಿ ಹಿಡಿದು ನಾನು ಗಾಳಿ ಎಳೆದರೆ ಜೊತೆಯವರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ಟರರ ಕೆಮ್ಮು ಕೆಮ್ಮಿ ಬೆಂಚಿನ ಮೇಲೆ ನಿಂತವನು ನಾನು. ಕಲಿತ ವಿದ್ಯೆ ವ್ಯರ್ಥವಾಗಬಾರದಲ್ಲ.

ಅವರ ಮೇಜಿನ ಮೇಲಿತ್ತು ಈ ಜಾಡಿ. ಕೆಸರಿನಲ್ಲಿ ನೆಟ್ಟಗೆ ನಿಂತ ನುಗ್ಗೆಕಾಯಿ ತುಂಡಿನಂಥದ್ದು, ತಲೆಯ ಮೇಲೆ ಆರು ಎಲೆ. ಮ್ಯಾಂಗ್ರೋವ್. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹೂವಿನಂಗಡಿಯಲ್ಲಿ ಆರಿಸಿ ಕೊಟ್ಟದ್ದಂತೆ. ಆಮೇಲೆ ಕಂಪನಿ ಅವರನ್ನು ಊರಿಂದೂರಿಗೆ ವರ್ಗ ಮಾಡಿತು. ಮಗಳ ಶಾಲೆಗಾಗಿ ಮನೆಯವರು ಊರಲ್ಲೇ ಉಳಿದರು, ಜಾಡಿ ಮಾತ್ರ ಇವರ ಜೊತೆ ಬಂತು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಗಿಡ ಇನ್ನೂ ಒಂದು ಗೇಣು.

ಮೊಣಕಾಲಿನ ಆಪರೇಷನ್ನಿಗೆ ಹೊರಟಾಗ ಅವರು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. "ಹೆಚ್ಚೇನೂ ಮಾಡಬೇಡಿ. ನೀರು ಕಡಿಮೆಯಾದರೆ ಹಾಕಿ, ಸಾಕು."

ನಾನು ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿ "ನೋ ಪ್ರಾಬ್ಲೆಂ, ನೋ ಪ್ರಾಬ್ಲೆಂ" ಅಂದೆ.

ಹೆಚ್ಚೇನೂ ಮಾಡಬೇಡ ಎಂದರೆ ಬೆಂಗಳೂರಿನವನ ಕೈ ಸುಮ್ಮನಿರುತ್ತದೆಯೇ? ಸಮುದ್ರದ ಗಿಡಕ್ಕೆ ಸಪ್ಪೆ ನೀರು ಕೊಟ್ಟು ಸಾಯಿಸುತ್ತಿದ್ದಾರಲ್ಲ ಎಂದು ಮರುಗಿ, ಅಮ್ಮ ಕಟ್ಟಿಕೊಟ್ಟಿದ್ದ ಕಲ್ಲುಪ್ಪನ್ನು ಒಂದು ಚಮಚ ಹಾಕಿದೆ. ನೀರು ಆರಿದಾಗಲೆಲ್ಲ ಇನ್ನೊಂದು ಚಮಚ. ಮೂರನೇ ವಾರ ನಾಲ್ಕು ಎಲೆ ಹಳದಿಯಾಗಿ ಉದುರಿದವು.

ಕುಂದಾಪುರದ ಕಡೆಯ ಶಾರದಕ್ಕ ಗಂಡ ಮಗಳೊಂದಿಗೆ ಟೋಕಿಯೊದ ಫುನಾಬೊರಿಯಲ್ಲಿದ್ದಾರೆ, ಯುಗಾದಿಗೆ ನನ್ನನ್ನು ಕರೆದು ಊಟ ಹಾಕುವವರು. ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆ. ವಾಸನೆಗೆ ಯಾರೂ ಏನೂ ಅನ್ನಲಿಲ್ಲ, ಆದರೆ ನನ್ನ ಆಚೀಚೆಯ ಸೀಟುಗಳು ಖಾಲಿಯಾದವು. ಇಡೀ ಬೋಗಿಗೆ ಒಟ್ಟಾರೆಯಾಗಿ ಒಂದು 'ಸುಮಿಮಾಸೆನ್', ಕ್ಷಮಿಸಿ, ಹೇಳಿ ಕೂತೆ.

ಶಾರದಕ್ಕ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಇದೆಂತ ಮಾರಾಯ, ಉಪ್ಪಿನಕಾಯಿ ಹಾಕಿದ್ದಾ?"

"ಸಮುದ್ರದ ಗಿಡ ಅಲ್ವಾ ಅಕ್ಕ?"

"ನಮ್ಮೂರ ಹೊಳೆ ಬಾಯಲ್ಲಿ ಇದ್ರದ್ದೇ ಕಾಡು. ಕಾಂಡ್ಲ ಅಂತೇವೆ. ಉಪ್ಪು ಅದಕ್ಕೆ ಆಸೆ ಅಲ್ಲ, ತಡ್ಕೊಳ್ಳುದು ಅಷ್ಟೇ. ಅಲ್ಲಿ ದಿನಕ್ಕೆರಡು ಸಲ ನೀರು ಬಂದು ತೊಳ್ದು ಹೋಗ್ತದೆ. ನಿನ್ನ ಜಾಡಿಯಲ್ಲಿ ಹಾಕಿದ ಉಪ್ಪು ಹೋಗುದೆಲ್ಲಿಗೆ?"

ಒಳಗಿಂದ ಅವರ ಮಗಳು ಇಣುಕಿ, "ಇಟ್ಸ್ ಡೈಯಿಂಗ್, ಅಂಕಲ್" ಎಂದಳು. ನನಗೆ ಇಪ್ಪತ್ತಾರು. ಗಿಡ ಸಾಯುವುದೋ ಅಂಕಲ್ ಎನಿಸಿಕೊಂಡದ್ದೋ, ಯಾವುದಕ್ಕೆ ಹೆಚ್ಚು ಅಳಬೇಕೆಂದು ತಿಳಿಯಲಿಲ್ಲ.

ಶಾರದಕ್ಕ ಕೆಸರನ್ನು ಸಪ್ಪೆ ನೀರಲ್ಲಿ ಮತ್ತೆ ಮತ್ತೆ ತೊಳೆದರು. ಬೇರಿಗೂ ಉಸಿರು ಬೇಕಂತೆ. ಬೆಳಿಗ್ಗೆ ನೀರು ತುಂಬಿಸು, ಸಂಜೆ ಇಳಿಸು ಎಂದರು. ಹಾಗೆ ಮೂರು ವಾರ ನಾನು ಆಫೀಸಿಗೆ ಹೋಗಿಬರುವ ಚಂದ್ರನಾದೆ. ಬೆಳಿಗ್ಗೆ ಉಬ್ಬರ, ಸಂಜೆ ಇಳಿತ. ಉಳಿದದ್ದು ಎರಡೇ ಎಲೆ, ಅವು ಉದುರಲಿಲ್ಲ.

ಮೊರಿತಾ ಸಾನ್ ಊರುಗೋಲು ಹಿಡಿದು ಬಂದ ದಿನ ಸಿಹಿಯ ಡಬ್ಬಿ ತಂದು, ಸೊಂಟ ಬಗ್ಗಿಸಿ, ಉಪ್ಪಿನ ಕಥೆಯೆಲ್ಲ ಒಪ್ಪಿಸಿದೆ. ಆದರೆ ನೋಡಿ, ನನ್ನಲ್ಲಿ ಇದ್ದದ್ದು ಅವರ ಜಪಾನಿ ಒಂದೇ. ಕ್ಷಮೆ ಕೇಳಲು ಬಾಯಿ ತೆರೆದರೆ ತಲೆ ತಾನಾಗಿ ಓರೆಯಾಯಿತು, ಹಲ್ಲಿನ ಸಂದಿಯಿಂದ ಗಾಳಿ ಒಳಗೆ ಹೋಯಿತು, ಅವರದ್ದೇ ದನಿ, ಅವರದ್ದೇ ರಾಗ ಹೊರಬಂತು. ಕೀಬೋರ್ಡುಗಳೆಲ್ಲ ನಿಂತುಹೋದವು. ಕೊಂಬಿನಿಯ ಮುಂದೆ ನಕ್ಕವರು ಕಂಪ್ಯೂಟರಿನೊಳಗೇ ಇಳಿಯುವವರಂತೆ ಬಗ್ಗಿದರು.

ಮೊರಿತಾ ಸಾನ್ ಆ ಎರಡು ಎಲೆಗಳನ್ನು ಬಹಳ ಹೊತ್ತು ನೋಡಿದರು. ಒಂದನ್ನು ಬೆರಳ ತುದಿಯಿಂದ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿ, "ನೋ ಪ್ರಾಬ್ಲೆಂ, ನೋ ಪ್ರಾಬ್ಲೆಂ" ಅಂದರು. ನನ್ನದೇ ಬೆಂಗಳೂರು ರಾಗ, ಕೊನೆಯಲ್ಲಿ ಹುಬ್ಬು ಏರಿಸುವುದೂ ಸೇರಿ. ತಿಂಗಳುಗಟ್ಟಲೆ ಅಭ್ಯಾಸವಿಲ್ಲದೆ ಅದು ಬರುವುದಿಲ್ಲ. ಕಸುಬು ಗೊತ್ತಿರುವವನು ಹೇಳುತ್ತಿದ್ದೇನೆ.

ನಿವೃತ್ತರಾಗಿ ಮನೆಗೆ ಹೊರಟ ದಿನ ಜಾಡಿಯನ್ನು ಮತ್ತೆ ಎರಡು ಕೈಯಲ್ಲಿ ಕೊಟ್ಟರು. "ಮಗಳ ಹತ್ತಿರವೇ ಹೋಗುತ್ತಿದ್ದೇನೆ" ಎಂದರು. ಈ ಸಲ ನಾನು ತಲೆ ತೂಗಲಿಲ್ಲ.

ಈಗ ಐದು ಎಲೆ. ಕಾಂಡದ ಬದಿಯಿಂದ ಒಂದು ಬೇರು ಕೆಸರಿನ ಕಡೆ ಕಾಲು ಚಾಚಿದೆ. ಇವತ್ತು ವೀಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ.

"ಇಷ್ಟೇನಾ? ಇದು ಮರ ಆಗೋದು ಯಾವಾಗ್ಲೋ?"

ನಾನು ಗಿಡ ನೋಡಿದೆ. ತಲೆ ಓರೆಯಾಯಿತು. "ಸಾ..."

"ಯಾಕೋ, ಹಲ್ಲುನೋವಾ?" ಅಂದರು ಅಮ್ಮ.

ಅಣಕಿಸುತ್ತಿರಲಿಲ್ಲ, ನಿಮ್ಮಾಣೆ.